ಮೂಳೆ ಹುಡುಕುವ ಬೆರಳು

ನಾಗಲದಿನ್ನೆಯಿಂದ ಎಮ್ಮಿಗನೂರು, ಆದೋನಿಯವರೆಗಿನ ಊರುಗಳಲ್ಲಿ ಮೈ ಬಿಸಿಯಾಗಿ, ಕೈಕಾಲು ಸೆಳೆದು ಡಾಕ್ಟರ ಹತ್ತಿರ ಹೋದವರು ರೋಗದ ಹೆಸರು ಕೇಳುವುದು ಅಪರೂಪ. ‘ಒಂದು ಸೂಜಿ ಮಾಡಿಬಿಡ್ರಿ ಡಾಕ್ಟ್ರೇ’ ಎನ್ನುತ್ತಾರೆ. ಮನೆಯಲ್ಲಿ ತೆಲುಗು ಆಡುವವರು ‘ಒಕ ಸೂದಿ ವೇಯಂಡಿ’ ಎನ್ನುತ್ತಾರೆ. ಮೇಜಿನ ಆಚೆಯಿಂದ ಬರುವ ಪ್ರಶ್ನೆ ಎರಡೂ ಭಾಷೆಯಲ್ಲಿ ಒಂದೇ: ‘ಕೈಗಾ, ಟೊಂಕಕ್ಕಾ?’

ಇದು ರೋಗಿಯನ್ನು ಕೇಳಿ ತೀರ್ಮಾನಿಸುವ ವಿಷಯವಲ್ಲ. ಔಷಧ ಯಾವುದು, ಎಷ್ಟು ಮಿಲಿಲೀಟರು, ರೋಗಿಗೆ ವಯಸ್ಸೆಷ್ಟು, ಮೈಯಲ್ಲಿ ಮಾಂಸ ಎಷ್ಟಿದೆ, ಕೊಬ್ಬು ಎಷ್ಟಿದೆ ಎಂಬುದನ್ನೆಲ್ಲ ನೋಡಿ ಸೂಜಿ ಕೊಡುವವರು ಜಾಗ ಗೊತ್ತು ಮಾಡಬೇಕು. ಜಾಗ ತಪ್ಪಿದರೆ ಒಳ್ಳೆಯ ಔಷಧವೂ ನಿಷ್ಫಲವಾಗಬಹುದು. ಅದಕ್ಕಿಂತ ದೊಡ್ಡ ಆಪತ್ತೆಂದರೆ, ನಿನ್ನೆಯವರೆಗೆ ಅಂಗಳದಲ್ಲಿ ಓಡಾಡುತ್ತಿದ್ದ ಮಗು ಇಂದು ಕಾಲೆಳೆಯುತ್ತ ನಡೆಯಬಹುದು. ಸ್ನಾಯುವಿಗೆ ಕೊಡುವ ಚುಚ್ಚುಮದ್ದಿನ ಸರಿಯಾದ ವಿಧಾನ ನರ್ಸಿಂಗ್ ಪಠ್ಯಪುಸ್ತಕದ ಒಳಗೆ ಉಳಿಯಬೇಕಾದ ವಿದ್ಯೆಯಲ್ಲ. ಚುಚ್ಚಿಸಿಕೊಳ್ಳುವ ಮೈ ನಮ್ಮದಾದ್ದರಿಂದ ಅದರ ಮುಖ್ಯ ಸಂಗತಿಗಳು ನಮಗೆಲ್ಲ ಗೊತ್ತಿರಬೇಕು.

ಆದೋನಿ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರ ರಾಜ್ಯ ಹುಟ್ಟಿದ ದಿನ ಆಲೂರು, ರಾಯದುರ್ಗಗಳ ಜೊತೆ ಅದೂ ಆಚೆ ಹೋಯಿತು. ಈಗಲೂ ಈ ಭಾಗದ ಎಷ್ಟೋ ಮನೆಗಳಲ್ಲಿ ಒಲೆಯ ಮುಂದೆ ಕನ್ನಡ, ಕಚೇರಿಯಲ್ಲಿ ತೆಲುಗು. ಮಗುವಿನ ಲಸಿಕೆ ಕಾರ್ಡು ತೆಲುಗಿನಲ್ಲಿರುತ್ತದೆ, ಅದನ್ನು ಹಿಡಿದ ಅಜ್ಜಿ ಮಾತಾಡುವುದು ಕನ್ನಡ. ದೊಡ್ಡ ಕಾಯಿಲೆ ಬಂದರೆ ಆದೋನಿಗೋ ಕರ್ನೂಲಿಗೋ ಹೋಗುತ್ತಾರೆ. ನದಿಯಾಚೆಯ ಕರ್ನಾಟಕದಲ್ಲಿ ನೆಂಟರಿದ್ದವರು ರಾಯಚೂರಿಗೂ ಹೋಗುತ್ತಾರೆ. ಸಣ್ಣ ಕಾಯಿಲೆಗೆ ಊರಿನ ಆರ್‌ಎಂಪಿ ಡಾಕ್ಟರೇ ಗತಿ. ಹೆಸರಿನಲ್ಲಿ ‘ರಿಜಿಸ್ಟರ್ಡ್’ ಎಂದಿದ್ದರೂ ಇವರಲ್ಲಿ ಬಹುಪಾಲು ಜನ ವೈದ್ಯ ಪದವಿ ಓದಿದವರಲ್ಲ. ಯಾವುದೋ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದು ಕೈ ಪಳಗಿಸಿಕೊಂಡವರು. ನಡುರಾತ್ರಿ ಬಾಗಿಲು ಬಡಿದರೆ ಎದ್ದು ಬರುವವರು ಅವರೇ ಎಂಬುದೂ ನಿಜ.

ಜನ ಸೂಜಿಯನ್ನೇ ಯಾಕೆ ಕೇಳುತ್ತಾರೆ? ಅಜ್ಞಾನ ಎಂದು ಹೇಳಿ ಮುಗಿಸುವುದು ಸುಲಭ, ಆದರೆ ಅದು ನ್ಯಾಯವಲ್ಲ. ಹತ್ತಿ ಬಿಡಿಸುವ ದಿನಗಳಲ್ಲಿ ಒಂದು ದಿನ ಮಲಗಿದರೆ ಒಂದು ದಿನದ ಕೂಲಿ ಹೋಯಿತು. ಮಾತ್ರೆ ಮೂರು ದಿನ ತಗೊಳ್ಳಬೇಕು, ಸೂಜಿ ಸಂಜೆಯೊಳಗೆ ಎಬ್ಬಿಸಿ ನಿಲ್ಲಿಸುತ್ತದೆ ಎಂಬುದು ಅವರ ಲೆಕ್ಕ. ಜ್ವರಕ್ಕೂ ಮೈಕೈ ನೋವಿಗೂ ಆ ಲೆಕ್ಕ ನಿಲ್ಲುವುದಿಲ್ಲ. ಪ್ಯಾರಾಸಿಟಮಾಲ್ ಮಾತ್ರೆ ನುಂಗಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ರಕ್ತದಲ್ಲಿ ತನ್ನ ಕೆಲಸ ಶುರು ಮಾಡಿರುತ್ತದೆ. ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುತ್ತಿದ್ದರೆ ಆ ಔಷಧವನ್ನು ಚುಚ್ಚುವ ಅಗತ್ಯವೇ ಇಲ್ಲ.

ಅಗತ್ಯವಿಲ್ಲದ್ದು ಅಪಾಯವೂ ಆಗುವ ಸಂದರ್ಭಗಳು ಎರಡಿವೆ, ಎರಡೂ ಈ ಸೀಮೆಯಲ್ಲಿ ದಿನಬಳಕೆಯವು. ಮಳೆಗಾಲದ ಜ್ವರ ಡೆಂಗಿ ಆಗಿರಬಹುದು. ಡೆಂಗಿಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗಿರುತ್ತವೆ. ಸ್ನಾಯುವಿನೊಳಗೆ ಸೂಜಿ ಹೋದರೆ ಅಲ್ಲಿ ರಕ್ತ ಒಳಗೊಳಗೇ ಸೋರಿ ಗಡ್ಡೆ ಕಟ್ಟಬಹುದು. ಮೈನೋವಿಗೆಂದು ಚುಚ್ಚುವುದು ಡೈಕ್ಲೋಫೆನಾಕ್ ಆದರೆ ರಕ್ತಸ್ರಾವದ ಭಯ ಇನ್ನೂ ಹೆಚ್ಚು. ಎರಡನೆಯದು ಹೊಲದಲ್ಲಿ ಮಂಡಲದ ಹಾವು ಕಚ್ಚಿದಾಗ. ಅದರ ವಿಷ ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನೇ ತಿಂದುಹಾಕುತ್ತದೆ. ಪ್ರತಿವಿಷವನ್ನು ರಕ್ತನಾಳಕ್ಕೇ ಕೊಡಬೇಕು, ಅದೂ ಆಸ್ಪತ್ರೆಯಲ್ಲಿ. ದಾರಿಯಲ್ಲಿ ನಿಲ್ಲಿಸಿ ‘ಇರಲಿ’ ಎಂದು ಟೊಂಕಕ್ಕೆ ಒಂದು ಧನುರ್ವಾಯು ಸೂಜಿ ಚುಚ್ಚುವುದು ಉಪಕಾರವಲ್ಲ. ಆ ಸೂಜಿ ರಕ್ತ ಮತ್ತೆ ಹೆಪ್ಪುಗಟ್ಟಲು ತೊಡಗಿದ ಮೇಲೆ ಆಗಬೇಕಾದದ್ದು.

ಹಾಗಾದರೆ ಔಷಧವನ್ನು ಸ್ನಾಯುವಿಗೆ ಕೊಡುವುದು ಯಾವಾಗ? ಚರ್ಮ, ಅದರ ಕೆಳಗೆ ಕೊಬ್ಬು, ಅದರ ಕೆಳಗೆ ಸ್ನಾಯು, ಆಮೇಲೆ ಮೂಳೆ. ಸೂಜಿ ದಾಟಬೇಕಾದ ಪದರಗಳು ಇಷ್ಟೇ. ಕೊಬ್ಬಿನಲ್ಲಿ ರಕ್ತದ ಓಡಾಟ ಕಡಿಮೆ, ಔಷಧ ಅಲ್ಲಿಂದ ತಡವಾಗಿ ರಕ್ತಕ್ಕೆ ಸೇರುತ್ತದೆ. ಸ್ನಾಯುವಿನಲ್ಲಿ ರಕ್ತ ಧಾರಾಳ. ಹೆರಿಗೆಯಾದ ಕೂಡಲೇ ತಾಯಿಗೆ ಕೊಡುವ 10 ಯೂನಿಟ್ ಆಕ್ಸಿಟೋಸಿನ್ ಸ್ನಾಯುವಿಗೆ ಹೋದ ಕೆಲವೇ ನಿಮಿಷಗಳಲ್ಲಿ ಗರ್ಭಕೋಶ ಬಿಗಿಯಾಗುತ್ತದೆ, ರಕ್ತ ಹರಿಯುವುದು ನಿಲ್ಲುತ್ತದೆ. ಬಾಣಂತಿಯರನ್ನು ಉಳಿಸಿದ ಸೂಜಿಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡಬೇಕು. ಇದಕ್ಕೆ ಪೂರ್ತಿ ವಿರುದ್ಧ ಸ್ವಭಾವದ್ದು ಬೆಂಜಥೀನ್ ಪೆನಿಸಿಲಿನ್. ಗಂಟಲು ನೋವಿನಿಂದ ಶುರುವಾಗಿ ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರ ಮರುಕಳಿಸದಂತೆ ಇದನ್ನು ಮೂರು ಅಥವಾ ನಾಲ್ಕು ವಾರಕ್ಕೊಮ್ಮೆ ವರ್ಷಗಟ್ಟಲೆ ಕೊಡುತ್ತಾರೆ. ಬಾಯಲ್ಲಿಟ್ಟ ಕಲ್ಲುಸಕ್ಕರೆಯಂತೆ ಅದರ ಹರಳುಗಳು ಸ್ನಾಯುವಿನ ಆಳದಲ್ಲಿ ಕೂತು ವಾರಗಟ್ಟಲೆ ನಿಧಾನವಾಗಿ ಕರಗುತ್ತವೆ. ಮೂರನೆಯ ಗುಂಪು ಮಕ್ಕಳ ಪೆಂಟಾವಲೆಂಟ್, ಡಿಪಿಟಿ, ಹೆಪಟೈಟಿಸ್ ಬಿ ಲಸಿಕೆಗಳು. ಇವುಗಳಲ್ಲಿ ಅಲ್ಯುಮಿನಿಯಂ ಲವಣವಿರುತ್ತದೆ. ಅದು ರೋಗನಿರೋಧಕ ಕಣಗಳನ್ನು ಎಚ್ಚರಿಸಲು ಬೇಕಾದ ವಸ್ತು, ಆದರೆ ಕೊಬ್ಬಿನ ಪದರದಲ್ಲಿ ಉಳಿದುಬಿಟ್ಟರೆ ಗಂಟು ಕಟ್ಟುತ್ತದೆ, ಕೆಲವೊಮ್ಮೆ ರೋಗಾಣುವಿಲ್ಲದ ಬಾವಾಗುತ್ತದೆ. ಸ್ನಾಯು ಅದನ್ನು ತಾಳಿಕೊಳ್ಳುತ್ತದೆ.

ಈಗ ಟೊಂಕದ ವಿಷಯಕ್ಕೆ ಬರೋಣ. ‘ಟೊಂಕಕ್ಕೆ ಸೂಜಿ’ ಎಂದು ಮರ್ಯಾದೆಗೆ ಹೇಳುತ್ತೇವೆ, ನಿಜವಾಗಿ ಚುಚ್ಚುವುದು ಪಿರ್ರೆಗೆ. ಅಲ್ಲಿ ದಪ್ಪ ಸ್ನಾಯುವಿದೆ, ಹೌದು. ಅದೇ ಸ್ನಾಯುವಿನ ಕೆಳಗೆ ಸಯಾಟಿಕ್ ನರವೂ ಇದೆ. ಮನುಷ್ಯನ ಮೈಯಲ್ಲಿರುವ ಅತಿ ದಪ್ಪ ನರ ಅದು, ಹೆಚ್ಚುಕಡಿಮೆ 2 ಸೆಂಟಿಮೀಟರ್ ಅಗಲ. ಬೆನ್ನುಹುರಿಯ ಕೆಳತುದಿಯಿಂದ ಹೊರಟ ಐದು ಬೇರುಗಳು ಕೂಡಿ ಒಂದಾಗಿ, ಸೊಂಟದ ಮೂಳೆಯ ಕಿಂಡಿಯಿಂದ ಹೊರಬಂದು, ಕೂತಾಗ ನೆಲಕ್ಕೆ ಒತ್ತುವ ಮೂಳೆಗೂ ತೊಡೆಯ ಹೊರಬದಿಯಲ್ಲಿ ಕೈಗೆ ಸಿಗುವ ಮೂಳೆಗುಬ್ಬಿಗೂ ನಡುವೆ ಇಳಿದು ಕಾಲಿನುದ್ದಕ್ಕೂ ಹೋಗುತ್ತದೆ. ಪಾದವನ್ನು ಮೇಲೆತ್ತುವ ಸ್ನಾಯುಗಳಿಗೆ ಆಜ್ಞೆ ಕೊಡುವ ಎಳೆಗಳು ಈ ನರದ ಹೊರ ಅಂಚಿನಲ್ಲಿವೆ. ದಾರಿತಪ್ಪಿದ ಸೂಜಿಗೂ ಔಷಧಕ್ಕೂ ಮೊದಲು ಬಲಿಯಾಗುವುದು ಅವೇ.

ಪಿರ್ರೆಯನ್ನು ನಾಲ್ಕು ಭಾಗ ಮಾಡಿ, ಮೇಲಿನ ಹೊರಭಾಗಕ್ಕೆ ಚುಚ್ಚಬೇಕು ಎಂಬ ಪಾಠ ಹಳೆಯದು. ಪಾಠದಲ್ಲಿ ತಪ್ಪಿಲ್ಲ, ಅಳತೆ ತಪ್ಪುತ್ತದೆ. ಆ ನಾಲ್ಕು ಭಾಗ ಮಾಡಬೇಕಾದ್ದು ಮೇಲೆ ಸೊಂಟದ ಮೂಳೆಯ ಅಂಚಿನಿಂದ ಕೆಳಗೆ ಪಿರ್ರೆಯ ಮಡಿಕೆಯವರೆಗಿನ ಇಡೀ ಜಾಗವನ್ನು. ಎಷ್ಟೋ ಜನ ಉಬ್ಬಿದ ಮಾಂಸದ ಭಾಗವನ್ನಷ್ಟೇ ನಾಲ್ಕು ಮಾಡುತ್ತಾರೆ. ಆಗ ಅವರ ‘ಮೇಲಿನ ಹೊರಭಾಗ’ ನರದ ಹತ್ತಿರಕ್ಕೆ ಜಾರಿರುತ್ತದೆ. ಇನ್ನೂ ಖಚಿತವಾದ ಗುರುತು ಬೇಕೆಂದರೆ, ಬೆನ್ನಿನ ಕೆಳಗೆ ಗುಳಿ ಬೀಳುವಲ್ಲಿ ಸಿಗುವ ಮೂಳೆಯಿಂದ ತೊಡೆಯ ಹೊರಬದಿಯ ಮೂಳೆಗುಬ್ಬಿಗೆ ಒಂದು ಗೆರೆ ಊಹಿಸಿಕೊಂಡು, ಅದರ ಮೇಲ್ಭಾಗದಲ್ಲಿ ಹೊರಮಗ್ಗುಲಿಗೆ ಚುಚ್ಚಬೇಕು.

ನಮ್ಮ ಕಡೆ ಈ ಗುರುತು ಹುಡುಕುವುದಕ್ಕೆ ಅಡ್ಡ ಬರುವುದು ನಾಚಿಕೆ. ಗಂಡಸು ಗೋಡೆಗೆ ಮುಖ ಮಾಡಿ ನಿಂತು ಪಂಚೆಯನ್ನೋ ಪ್ಯಾಂಟನ್ನೋ ಒಂದಿಷ್ಟು ಸಡಿಲಿಸುತ್ತಾನೆ. ಹೆಂಗಸು ಸೀರೆಯ ಬಿಗಿಯನ್ನು ನಾಲ್ಕು ಬೆರಳು ಕೆಳಗಿಳಿಸಿ ಮುಖ ತಿರುಗಿಸುತ್ತಾಳೆ. ಸೂಜಿ ಹಿಡಿದವರೂ ನೋಡದಂತೆ ನೋಡಿ, ಕಂಡಷ್ಟು ಚರ್ಮಕ್ಕೆ ಚುಚ್ಚಿ ಮುಗಿಸುತ್ತಾರೆ. ಮೂಳೆಯ ಗುರುತು ಒಂದೂ ಸಿಕ್ಕಿರುವುದಿಲ್ಲ. ನಿಂತ ಕಾಲಿನ ಸ್ನಾಯು ಬಿಗಿದಿರುತ್ತದೆ, ಅದರಿಂದ ನೋವೂ ಹೆಚ್ಚು. ಬೆಂಚಿನ ಮೇಲೆ ಬೋರಲು ಮಲಗಿಸಿ, ಕಾಲ್ಬೆರಳುಗಳನ್ನು ಒಳಮುಖವಾಗಿ ತಿರುಗಿಸಲು ಹೇಳಿದರೆ ಸ್ನಾಯು ಸಡಿಲಾಗುತ್ತದೆ. ಒಂದು ಪರದೆ ಹಾಕಿದರೆ ನಾಚಿಕೆಯ ಅಡ್ಡಿ ಅರ್ಧ ಕಳೆಯುತ್ತದೆ. ಸೂಜಿಯ ತಂತ್ರದ ಬಗ್ಗೆ ಮಾತಾಡುವವರು ಆ ಪರದೆಯನ್ನೂ ತಂತ್ರದ ಭಾಗವೆಂದೇ ಎಣಿಸಬೇಕು.

ದೊಡ್ಡವರಿಗೆ ನರದ ಮೇಲೆ ಮಾಂಸದ ರಕ್ಷಣೆಯಾದರೂ ಇರುತ್ತದೆ. ಎರಡು ವರ್ಷದೊಳಗಿನ ಮಗುವಿಗೆ, ಅದರಲ್ಲೂ ಅಪೌಷ್ಟಿಕತೆಯಿಂದ ಪಿರ್ರೆ ಸೊರಗಿದ ಮಗುವಿಗೆ ಅದಿಲ್ಲ. ಅಲ್ಲಿ ಚರ್ಮಕ್ಕೂ ನರಕ್ಕೂ ನಡುವೆ ಇರುವ ಅಂತರ ತೀರ ಕಡಿಮೆ. ಸೂಜಿ ನರಕ್ಕೆ ತಗುಲಿದ ಕ್ಷಣ ಮಗು ಎಂದಿನಂತಲ್ಲದೆ ಚೀರುತ್ತದೆ. ಕೆಲವು ಸಲ ಆಗ ಏನೂ ಕಾಣದೆ, ಕೆಲವು ಗಂಟೆಗಳ ಮೇಲೆ ಔಷಧ ನರವನ್ನು ಸುಟ್ಟ ಪರಿಣಾಮ ತೋರುತ್ತದೆ. ಮಾರನೆಯ ದಿನ ತಾಯಿ ಗಮನಿಸುವ ಚಿಹ್ನೆಗಳು ಸಣ್ಣವು. ಆ ಕಾಲಿನ ಚಪ್ಪಲಿ ಕಳಚಿ ಬಿದ್ದರೂ ಮಗುವಿಗೆ ಗೊತ್ತಾಗುವುದಿಲ್ಲ. ಹೊಸ್ತಿಲು ದಾಟುವಾಗ ಹೆಬ್ಬೆರಳು ಎಡವುತ್ತದೆ. ಪಾದ ನೆಲಕ್ಕೆ ಉಜ್ಜದಿರಲೆಂದು ಮಂಡಿಯನ್ನು ಎತ್ತೆತ್ತಿ ಹಾಕುತ್ತದೆ. ಪಾದ ಜೋಲುಬಿದ್ದಿದೆ ಎಂದು ವೈದ್ಯರು ಹೇಳುವ ಹೊತ್ತಿಗೆ ತಾಯಿಗೆ ಆ ಮಾತು ಬೇಕಾಗಿರುವುದಿಲ್ಲ, ಅವಳು ನೋಡಿ ಆಗಿರುತ್ತದೆ.

ಈ ಮಕ್ಕಳ ವಿಷಯ ದೇಶದ ದಾಖಲೆಗೆ ಬಂದದ್ದು ಪೋಲಿಯೊ ಬೇಟೆಯಿಂದ. 1997ರಲ್ಲಿ ರಾಷ್ಟ್ರೀಯ ಪೋಲಿಯೊ ಕಣ್ಗಾವಲು ಯೋಜನೆ ಶುರುವಾದಾಗ ಒಂದು ನಿಯಮ ಬಂತು: 15 ವರ್ಷದೊಳಗಿನ ಯಾವ ಮಗುವಿನ ಕೈಕಾಲು ದಿಢೀರನೆ ಸೋತು ಜೋಲುಬಿದ್ದರೂ ವರದಿ ಮಾಡಬೇಕು, 14 ದಿನದೊಳಗೆ ಎರಡು ಸಲ ಮಲದ ಮಾದರಿ ತೆಗೆದು ಪರೀಕ್ಷಿಸಬೇಕು. ಹಾಗೆ ಹುಡುಕುತ್ತ ಹೋದಾಗ ಪೋಲಿಯೊ ಅಲ್ಲದ ಪ್ರಕರಣಗಳಲ್ಲಿ ಮತ್ತೆ ಮತ್ತೆ ಎದುರಾದ ಕಾರಣಗಳಲ್ಲಿ ಒಂದು ಸೂಜಿಯಿಂದಾದ ನರಗಾಯ. ಪೋಲಿಯೊ ವೈರಸ್ಸಿಗೆ ಬೀಸಿದ ಬಲೆಯಲ್ಲಿ ತಪ್ಪು ಜಾಗಕ್ಕೆ ಚುಚ್ಚಿಸಿಕೊಂಡ ಮಕ್ಕಳೂ ಸಿಕ್ಕರು.

ಪೋಲಿಯೊಗೂ ಸೂಜಿಗೂ ಇರುವ ನಂಟು ಇಷ್ಟಕ್ಕೇ ಮುಗಿಯುವುದಿಲ್ಲ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ನೋವು ತರುವ ಅಧ್ಯಾಯ ಅದೇ. 1949ರಲ್ಲಿ ಮೆಲ್ಬರ್ನ್ ನಗರದಲ್ಲಿ ಪೋಲಿಯೊ ಹರಡಿದಾಗ ಬರ್ಟ್ರಮ್ ಮೆಕ್ಲಾಸ್ಕಿ ಎಂಬ ವೈದ್ಯಾಧಿಕಾರಿಗೆ ಒಂದು ವಿಚಿತ್ರ ಕಂಡಿತು. ಆಗಷ್ಟೇ ನಾಯಿಕೆಮ್ಮು, ಗಂಟಲಮಾರಿ ಲಸಿಕೆ ಹಾಕಿಸಿಕೊಂಡಿದ್ದ ಮಕ್ಕಳಲ್ಲಿ ಯಾವ ಕೈ ಅಥವಾ ಕಾಲಿಗೆ ಸೂಜಿ ಬಿದ್ದಿತ್ತೋ ಅದೇ ಹೆಚ್ಚಾಗಿ ಸೋತಿತ್ತು. ಅದೇ ಸುಮಾರಿಗೆ ಲಂಡನ್ನಿನ ವೈದ್ಯರೂ ಇದನ್ನೇ ಕಂಡರು. ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಅಂಕಿ ಸಂಖ್ಯೆಯಲ್ಲಿ ತೋರಿಸಿದ ಬ್ರಾಡ್‌ಫರ್ಡ್ ಹಿಲ್ 1950ರಲ್ಲಿ ಈ ಸಂಗತಿಯನ್ನೂ ಲೆಕ್ಕ ಹಾಕಿ, ಇದು ಕಾಕತಾಳೀಯವಲ್ಲ ಎಂದು ತೋರಿಸಿದರು. ಕಾರಣ ತಿಳಿದದ್ದು 1998ರಲ್ಲಿ, ಗ್ರೊಮೈಯರ್ ಮತ್ತು ವಿಮ್ಮರ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗದಿಂದ. ರಕ್ತದಲ್ಲಿ ಪೋಲಿಯೊ ವೈರಸ್ ಇದ್ದಾಗ ಸ್ನಾಯುವಿಗೆ ಗಾಯವಾದರೆ, ವೈರಸ್ ಆ ಸ್ನಾಯುವಿನ ನರದ ಎಳೆಯನ್ನೇ ಹಿಡಿದು ಹಿಮ್ಮುಖವಾಗಿ ಬೆನ್ನುಹುರಿಗೆ ಏರುತ್ತದೆ.

ರುಮೇನಿಯಾದಲ್ಲಿ ಬಾಯಿಗೆ ಹಾಕುವ ಪೋಲಿಯೊ ಲಸಿಕೆಯ ಹನಿಯಲ್ಲಿನ ಜೀವಂತ ವೈರಸ್ಸಿನಿಂದಲೇ ಲಕ್ವ ಹೊಡೆದ ಮಕ್ಕಳು ಬೇರೆ ದೇಶಗಳಿಗಿಂತ ಬಹಳ ಹೆಚ್ಚಾಗಿದ್ದರು. 1995ರಲ್ಲಿ ಪ್ರಕಟವಾದ ಅಧ್ಯಯನ ಅಂಥ 31 ಮಕ್ಕಳನ್ನು ವಿಚಾರಿಸಿತು. ಅವರಲ್ಲಿ 27 ಮಕ್ಕಳಿಗೆ ಲಕ್ವ ಹೊಡೆಯುವ ಮುಂಚಿನ 30 ದಿನಗಳಲ್ಲಿ ಸ್ನಾಯುವಿಗೆ ಸೂಜಿ ಬಿದ್ದಿತ್ತು. ಹೆಚ್ಚಿನವು ಜ್ವರಕ್ಕೆಂದು ಕೊಟ್ಟ ಆಂಟಿಬಯಾಟಿಕ್. ಬ್ರಿಟನ್ನಿನ ಎಚ್.ವಿ. ವ್ಯಾಟ್ ಭಾರತದ ಆಸ್ಪತ್ರೆಗಳ ದಾಖಲೆ ಹಿಡಿದು ವರ್ಷಗಟ್ಟಲೆ ಇದೇ ಮಾತನ್ನು ಹೇಳುತ್ತ ಬಂದರು: ಇಲ್ಲಿನ ಎಷ್ಟೋ ಮಕ್ಕಳ ಪೋಲಿಯೊ ಜ್ವರ ಜ್ವರವಾಗಿಯೇ ಇಳಿದುಹೋಗುತ್ತಿತ್ತು, ಅನಗತ್ಯ ಸೂಜಿ ಅದನ್ನು ಲಕ್ವವಾಗಿಸಿತು. ನಮ್ಮ ಊರುಗಳಲ್ಲಿ ಇಂದು ಐವತ್ತು ದಾಟಿದ, ಕಾಲು ಸಣಕಲಾದ ಕೆಲವರ ಮನೆಯವರು ‘ಜ್ವರ ಬಂದಿತ್ತು, ಸೂಜಿ ಮಾಡಿಸಿದ್ವಿ, ಕಾಲು ಹೋಯ್ತು’ ಎನ್ನುವುದುಂಟು. ಅವರ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದ್ದು ತಪ್ಪು. ಆ ಮಾತಿನೊಳಗೆ ವಿಜ್ಞಾನವಿತ್ತು. 2014ರ ಮಾರ್ಚ್ 27ರಂದು ಭಾರತವಿದ್ದ ಆಗ್ನೇಯ ಏಷ್ಯಾ ವಲಯ ಪೋಲಿಯೊ ಮುಕ್ತವೆಂದು ಘೋಷಣೆಯಾಯಿತು. ಅದಕ್ಕೆ ಲಸಿಕೆಯೇ ಕಾರಣ ಎಂಬುದನ್ನು ಇಲ್ಲಿ ಗಟ್ಟಿಯಾಗಿ ಹೇಳಬೇಕು. ನಾನು ಪ್ರಶ್ನಿಸುತ್ತಿರುವುದು ಬೇಡದ ಸೂಜಿಯನ್ನು, ಲಸಿಕೆಯ ಸೂಜಿಯನ್ನಲ್ಲ.

ಲಸಿಕೆಯ ದಿನ ಆರೋಗ್ಯ ಕೇಂದ್ರದಲ್ಲಿ ಒಂದು ಗಳಿಗೆ ನಿಂತು ನೋಡಿದರೆ ಸರಿಯಾದ ವಿಧಾನ ಕಣ್ಣೆದುರೇ ಕಾಣುತ್ತದೆ. ಆಂಧ್ರದಲ್ಲಿ ಸಾಮಾನ್ಯವಾಗಿ ಬುಧವಾರ ಮತ್ತು ಶನಿವಾರ, ಕರ್ನಾಟಕದಲ್ಲಿ ಗುರುವಾರ. ಆರು ವಾರದ ಕೂಸಿಗೆ ಪೆಂಟಾವಲೆಂಟ್ ಎಡತೊಡೆಗೆ, ನ್ಯುಮೊಕಾಕಲ್ ಬಲತೊಡೆಗೆ. ಪಿರ್ರೆಗೆ ಒಂದೂ ಇಲ್ಲ. ತೊಡೆಯನ್ನು ಮೇಲಿನ ಮೂಳೆಗುಬ್ಬಿಯಿಂದ ಮಂಡಿಯವರೆಗೆ ಮೂರು ಪಾಲು ಮಾಡಿದರೆ ನಡುವಿನ ಪಾಲು, ಅದರ ಮುಂಭಾಗದಿಂದ ಸ್ವಲ್ಪ ಹೊರಮಗ್ಗುಲು. ಅಲ್ಲಿ ದೊಡ್ಡ ನರವಿಲ್ಲ, ದೊಡ್ಡ ರಕ್ತನಾಳವಿಲ್ಲ. ಹುಟ್ಟಿದ ದಿನದಿಂದಲೇ ತಕ್ಕಷ್ಟು ಸ್ನಾಯುವಿದೆ. ಹುಟ್ಟಿದ ಕೂಸಿಗೆ ಕೊಡುವ ವಿಟಮಿನ್ ಕೆ, ಹೆಪಟೈಟಿಸ್ ಬಿ ಎರಡೂ ತೊಡೆಗೇ. ನಂಜಾದ ಎಳೆಗೂಸಿಗೆ ಎಎನ್‌ಎಂ, ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿ, ಕೊಡಬಹುದೆಂದು 2014ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟ ಜೆಂಟಾಮೈಸಿನ್ ಕೂಡ ತೊಡೆಗೇ. ಐದು ವರ್ಷಕ್ಕೆ ಬರುವ ಡಿಪಿಟಿಯ ಹೊತ್ತಿಗೆ ತೋಳಿನ ಸ್ನಾಯು ಬೆಳೆದಿರುತ್ತದೆ, ಆಗ ತೋಳಿಗೆ.

ಎಎನ್‌ಎಂ ಕೈಯಲ್ಲಿರುವ ಸೂಜಿಯ ಬುಡ ನೀಲಿ ಬಣ್ಣದ್ದು. ಅದು 23 ಗೇಜಿನ ಗುರುತು, ದಪ್ಪ 0.6 ಮಿಲಿಮೀಟರ್, ಉದ್ದ 25 ಮಿಲಿಮೀಟರ್. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ಸೂಜಿ ತೆಳ್ಳಗೆ. ಬಿಸಿಜಿ ಲಸಿಕೆಯನ್ನು ಚರ್ಮದ ಪದರದೊಳಗೇ ಕೊಡಬೇಕಾದ್ದರಿಂದ ಅದಕ್ಕೆ ಕಂದು ಬುಡದ 26 ಗೇಜು. ನೀಲಿ ಬುಡದ ಸೂಜಿಯನ್ನು ಆಕೆ ತೊಡೆಗೆ ನೆಟ್ಟಗೆ, 90 ಡಿಗ್ರಿಯಲ್ಲಿ, ತಡೆಯದೆ ಒಳಗಿಳಿಸುತ್ತಾಳೆ. ಓರೆಯಾಗಿ ಚುಚ್ಚಿದರೆ ನೋವಾಗದು ಎಂಬುದು ತಪ್ಪು ಕಲ್ಪನೆ. ಓರೆ ಹೋದ ಸೂಜಿ ಕೊಬ್ಬಿನಲ್ಲೇ ನಿಲ್ಲುತ್ತದೆ. ಅಂಜಿಕೆಯಿಂದ ಅರ್ಧ ಸೂಜಿಯಷ್ಟೇ ಚುಚ್ಚಿದರೂ ಅದೇ ಫಲ. ಅರ್ಧ ಮಿಲಿಲೀಟರ್ ಒಳಗೆ ಹೋದ ಮೇಲೆ ಪಿಸ್ಟನ್ ಟಕ್ಕೆಂದು ಕಚ್ಚಿಕೊಳ್ಳುತ್ತದೆ, ಮತ್ತೆ ಹಿಂದಕ್ಕೆ ಬರುವುದಿಲ್ಲ. ಆ ಸಿರಿಂಜನ್ನು ಇನ್ನೊಬ್ಬರಿಗೆ ಬಳಸಬೇಕೆಂದರೂ ಆಗದು. ಸೂಜಿಗೆ ಮತ್ತೆ ಕ್ಯಾಪು ಹಾಕದೆ ಹಬ್ ಕಟ್ಟರಿನಲ್ಲಿ ಬುಡ ಕತ್ತರಿಸಿಬಿಡುತ್ತಾಳೆ. ಆಮೇಲೆ ತಾಯಿಗೆ ನಾಲ್ಕು ಮಾತು ಹೇಳಬೇಕು: ಯಾವ ಲಸಿಕೆ ಹಾಕಿದೆ, ಮುಂದಿನದು ಯಾವಾಗ, ಜ್ವರ ಬಾವು ಬಂದರೆ ಏನು ಮಾಡಬೇಕು, ಕಾರ್ಡು ಜೋಪಾನ. ಕನ್ನಡದ ಮನೆಗೆ ಆ ನಾಲ್ಕು ಮಾತು ಕನ್ನಡದಲ್ಲಿ ತಲುಪಿದರೆ ಮಾತ್ರ ಅವು ಹೇಳಿದಂತೆ.

ತೋಳಿನ ಜಾಗಕ್ಕೂ ಮೂಳೆಯೇ ದಾರಿ. ಭುಜದ ತುದಿಯಲ್ಲಿ ಚಪ್ಪಟೆ ಮೂಳೆ ಕೈಗೆ ಸಿಗುತ್ತದೆ. ಅದರಿಂದ ಎರಡು ಮೂರು ಬೆರಳು ಕೆಳಗೆ, ತೋಳಿನ ಹೊರಬದಿಯ ನಡುಮಧ್ಯ. ಅದಕ್ಕಿಂತ ಮೇಲೆ ಹೋದರೆ ಲಸಿಕೆ ಕೀಲಿನ ಚೀಲಕ್ಕೆ ಬಿದ್ದು ತಿಂಗಳುಗಟ್ಟಲೆ ಭುಜ ಎತ್ತಲಾಗುವುದಿಲ್ಲ. ತೀರ ಕೆಳಗೆ ಹೋದರೆ ಮಣಿಕಟ್ಟನ್ನು ಎತ್ತುವ ನರ ಮೂಳೆಗೆ ಅಂಟಿಕೊಂಡು ಸುತ್ತುವ ಜಾಗ. 2021ರ ಜನವರಿ 16ರಿಂದ ಕೋವಿಡ್ ಲಸಿಕೆಗೆ ಸಾಲು ನಿಂತ ನಮಗೆಲ್ಲ ಈ ಸ್ನಾಯುವಿನ ಪರಿಚಯವಾಗಿದೆ. ಅಂಗಿಯ ಕತ್ತಿನ ಕಡೆಯಿಂದ ಬಟ್ಟೆ ಜಾರಿಸಿ ಭುಜ ತೋರಿಸಿದರೆ ಸೂಜಿ ಮೇಲಕ್ಕೆ ಬೀಳುವ ಸಂಭವ ಹೆಚ್ಚು. ರವಿಕೆಯ ತೋಳು ಬಿಗಿಯಾಗಿದ್ದು ಪೂರ್ತಿ ಮೇಲೇರದಿದ್ದರೆ ಸೂಜಿ ಕೆಳಕ್ಕೆ ಬೀಳುತ್ತದೆ. ಲಸಿಕೆಗೆ ಹೋಗುವ ದಿನ ಸಡಿಲ ತೋಳಿನ ಬಟ್ಟೆ ಹಾಕಿಕೊಂಡು ಹೋಗುವುದು ಸಣ್ಣ ಸಲಹೆಯಾದರೂ ಪ್ರಯೋಜನವಿದೆ. ತೋಳಿಗೆ ಒಂದು ಮಿಲಿಲೀಟರ್, ಹೆಚ್ಚೆಂದರೆ ಎರಡು. ಅದಕ್ಕೂ ಹೆಚ್ಚು ಔಷಧ ಕೊಡಬೇಕಾದರೆ ದೊಡ್ಡ ಸ್ನಾಯು ಬೇಕು.

ಅಂಥ ದೊಡ್ಡ ಸ್ನಾಯು ಪಿರ್ರೆಯಲ್ಲಷ್ಟೇ ಅಲ್ಲ, ಸೊಂಟದ ಪಕ್ಕದಲ್ಲೂ ಇದೆ. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಹೋಕ್‌ಸ್ಟೆಟರ್ ಇದನ್ನು ತೋರಿಸಿಕೊಟ್ಟರು. ರೋಗಿಯ ತೊಡೆಯ ಹೊರಬದಿಯ ಮೂಳೆಗುಬ್ಬಿಯ ಮೇಲೆ ಅಂಗೈಯ ಬುಡ ಇಡಬೇಕು. ತೋರುಬೆರಳು ಸೊಂಟದ ಮುಂದಿನ ಮೂಳೆತುದಿಗೆ, ನಡುಬೆರಳು ಹಿಂದಕ್ಕೆ ಸೊಂಟದ ಅಂಚಿಗೆ ಚಾಚಬೇಕು. ಎರಡು ಬೆರಳ ನಡುವಿನ ತ್ರಿಕೋನವೇ ಜಾಗ. ಎಡಸೊಂಟಕ್ಕೆ ಬಲಗೈ, ಬಲಸೊಂಟಕ್ಕೆ ಎಡಗೈ. ಅಲ್ಲಿ ದೊಡ್ಡ ನರವಿಲ್ಲ, ಕೊಬ್ಬೂ ತೆಳು. ರೋಗಿ ಮಗ್ಗುಲಾಗಿ ಮಲಗಿದರೆ ಸಾಕು, ಪಿರ್ರೆ ತೋರಿಸಬೇಕಾಗಿಲ್ಲ. ಇಷ್ಟು ಅನುಕೂಲದ ಜಾಗ ನಮ್ಮ ಹಳ್ಳಿಯ ಕ್ಲಿನಿಕ್ಕುಗಳಲ್ಲಿ ಬಳಕೆಗೆ ಬಾರದಿರುವುದಕ್ಕೆ ಅಭ್ಯಾಸವೊಂದೇ ಕಾರಣ. ನರ್ಸಿಂಗ್ ಶಾಲೆಗಳು ಇದನ್ನು ಕೈಹಿಡಿದು ಕಲಿಸಬೇಕು.

ಕೊಬ್ಬಿನ ವಿಷಯ ಎಷ್ಟು ಗಂಭೀರ ಎಂಬುದು 1985ರಲ್ಲಿ ಅಮೆರಿಕದಲ್ಲಿ ಗೊತ್ತಾಯಿತು. ಪಿರ್ರೆಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡವರಲ್ಲಿ ತೋಳಿಗೆ ಹಾಕಿಸಿಕೊಂಡವರಷ್ಟು ರಕ್ಷಣೆ ಬಂದಿರಲಿಲ್ಲ. ಲಸಿಕೆ ಕೊಬ್ಬಿನಲ್ಲೇ ಉಳಿದಿತ್ತು. ನಾಯಿ ಕಚ್ಚಿದಾಗಿನ ಲಸಿಕೆಗೆ ಈ ಮಾತು ಜೀವನ್ಮರಣದ್ದು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಭಯ ಹಳ್ಳಿಗಳಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಅದು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಹಳೆಯ ಸೆಂಪಲ್ ಲಸಿಕೆ. ಭಾರತದಲ್ಲಿ 2004ರ ಕೊನೆಗೆ ನಿಂತುಹೋಯಿತು. ಈಗಿನದನ್ನು ನಾಯಿ ಕಚ್ಚಿದ ಮೇಲೆ ತೋಳಿನ ಸ್ನಾಯುವಿಗೆ 0, 3, 7, 14, 28ನೇ ದಿನ ಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಎರಡು ಕಡೆ 0.1 ಮಿಲಿಲೀಟರ್‌ನಂತೆ 0, 3, 7, 28ನೇ ದಿನ ಕೊಡುವುದೂ ಇದೆ, ಅದೂ ಅಷ್ಟೇ ಪರಿಣಾಮಕಾರಿ. ಸಣ್ಣ ಮಗುವಾದರೆ ತೊಡೆಗೆ. ಪಿರ್ರೆಗೆ ಮಾತ್ರ ಯಾರಿಗೂ ಕೂಡದು.

ಹಾಗೆಂದು ಪಿರ್ರೆಯ ಸೂಜಿಯನ್ನು ಸಾರಾಸಗಟಾಗಿ ಬಿಡಲೂ ಆಗದು. ಗರ್ಭಿಣಿಗೆ ರಕ್ತದೊತ್ತಡ ಏರಿ ಫಿಟ್ಸ್ ಬಂದಾಗ ದೊಡ್ಡಾಸ್ಪತ್ರೆಗೆ ಕಳಿಸುವ ಮುಂಚೆ ಎಎನ್‌ಎಂ ಕೊಡಬೇಕಾದ ಮೆಗ್ನೀಸಿಯಂ ಸಲ್ಫೇಟ್ 10 ಗ್ರಾಂ. ಒಂದೊಂದು ಪಿರ್ರೆಗೆ 5 ಗ್ರಾಂ, ಅಂದರೆ 10 ಮಿಲಿಲೀಟರ್. ಅಷ್ಟು ಔಷಧವನ್ನು ಹಿಡಿಯಬಲ್ಲ ಸ್ನಾಯು ಬೇರೆಲ್ಲೂ ಇಲ್ಲ. ಆಳಕ್ಕೆ, ನಿಧಾನವಾಗಿ, ಮೂಳೆಯ ಗುರುತು ಹಿಡಿದೇ ಕೊಡಬೇಕು. ಅಂಥ ಹೊತ್ತಿನಲ್ಲಿ ಆ ಸೂಜಿ ಎರಡು ಜೀವ ಉಳಿಸುತ್ತದೆ.

ಉಳಿದ ಕ್ರಮಗಳಲ್ಲಿ ಕೆಲವು ನಾವು ಕಂಡು ಬೆಳೆದದ್ದಕ್ಕೆ ವಿರುದ್ಧವಾಗಿವೆ. ಡಬ್ಬಿಯಲ್ಲಿ ಸ್ಪಿರಿಟ್ಟಿನಲ್ಲಿ ನೆನೆಹಾಕಿಟ್ಟ ಹತ್ತಿ ಉಂಡೆ ಶುದ್ಧ ಎಂದುಕೊಂಡಿದ್ದೇವೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬೇಡ ಎನ್ನುತ್ತದೆ, ದಿನವಿಡೀ ಬೆರಳು ಅದ್ದುವ ಡಬ್ಬಿಯಲ್ಲಿ ರೋಗಾಣು ಸೇರುತ್ತವೆ. ಆಗಷ್ಟೇ ಅದ್ದಿದ ಹತ್ತಿಯಿಂದ ಒರೆಸಿ, ಚರ್ಮ ಒಣಗಲು ಅರ್ಧ ನಿಮಿಷ ಬಿಡಬೇಕು. ಹಸಿ ಸ್ಪಿರಿಟ್ಟಿನ ಮೇಲೆ ಚುಚ್ಚಿದರೆ ಉರಿಯುವುದೂ ಹೆಚ್ಚು. ಔಷಧ ಬಿಡುವ ಮುಂಚೆ ಪಿಸ್ಟನ್ ಹಿಂದಕ್ಕೆಳೆದು ರಕ್ತ ಬರುತ್ತದೆಯೇ ನೋಡುವ ಕ್ರಮ ಲಸಿಕೆಗೆ ಈಗ ಬೇಕಿಲ್ಲ, ಅದರಿಂದ ನೋವು ಹೆಚ್ಚುತ್ತದೆ. ಪಿರ್ರೆಗೆ ಪೆನಿಸಿಲಿನ್ ಕೊಡುವಾಗ ಮಾತ್ರ ಅದು ಉಳಿದುಕೊಂಡಿದೆ, ಉಳಿಯಬೇಕು ಕೂಡ. ಆ ಹರಳುಗಳು ರಕ್ತನಾಳ ಸೇರಿದರೆ ಪ್ರಾಣಕ್ಕೇ ಸಂಚಕಾರ. ಕಾಲಿನುದ್ದಕ್ಕೂ ಕರೆಂಟ್ ಹೊಡೆದಂತಾಯಿತು ಎಂದು ರೋಗಿ ಹೇಳಿದರೆ ಆ ಕ್ಷಣ ಸೂಜಿ ಹೊರಗೆಳೆಯಬೇಕು, ಒಂದು ಹನಿಯೂ ಬಿಡಬಾರದು. ಚುಚ್ಚಿದ ಮೇಲೆ ಗಸಗಸ ತಿಕ್ಕುವ ಪದ್ಧತಿಯನ್ನೂ ಬಿಡಬೇಕು. 2017ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡುವ ‘ಅಂತರ’ ಗರ್ಭನಿರೋಧಕ ಸೂಜಿ ಮೂರು ತಿಂಗಳು ನಿಧಾನವಾಗಿ ಇಳಿಯಬೇಕಾದ ಔಷಧ. ತಿಕ್ಕಿದರೆ, ಬಿಸಿ ಶಾಖ ಕೊಟ್ಟರೆ ಅದು ಬೇಗ ಮುಗಿದುಹೋಗುತ್ತದೆ.

ಜಾಗ ಸರಿಯಿದ್ದರೂ ಮತ್ತೆ ಮತ್ತೆ ಒಂದೇ ಸ್ನಾಯುವಿಗೆ ಚುಚ್ಚಿದರೆ ಅದು ಗಟ್ಟಿಯಾಗಿ ಕುಗ್ಗುತ್ತದೆ. 1973ರಲ್ಲಿ ಜಪಾನಿನ ಯಮನಾಶಿ ಪ್ರಾಂತ್ಯದಲ್ಲಿ ಮಂಡಿ ಮಡಚಲಾಗದ ಬಹಳ ಮಕ್ಕಳು ಒಟ್ಟಿಗೇ ಪತ್ತೆಯಾದರು. ನೆಗಡಿ ಜ್ವರಕ್ಕೆಲ್ಲ ಅವರ ತೊಡೆಗೆ ಸೂಜಿಯ ಮೇಲೆ ಸೂಜಿ ಬಿದ್ದಿತ್ತು. ಆ ಆಘಾತದಿಂದ ಜಪಾನ್ ಎಷ್ಟೋ ವರ್ಷ ಮಕ್ಕಳ ಲಸಿಕೆಗಳನ್ನೂ ಸ್ನಾಯುವಿನ ಬದಲು ಚರ್ಮದ ಕೆಳಗೇ ಕೊಡುತ್ತ ಬಂತು. ಸುರಕ್ಷಿತವೆಂದು ನಾನು ಮೇಲೆ ಹೇಳಿದ ತೊಡೆಯೂ ಅತಿಯಾದ ಸೂಜಿಯನ್ನು ತಾಳದು.

ಸಿರಿಂಜಿನ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಅದರಲ್ಲಿ ಚರ್ಚೆಗೆ ಎಡೆಯಿಲ್ಲ. ಇಂಡಿಯಾ ಕ್ಲೆನ್ ಎಂಬ ವೈದ್ಯ ಸಂಶೋಧಕರ ತಂಡ ದೇಶದಾದ್ಯಂತ ನಡೆಸಿದ ಅಧ್ಯಯನದಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಚುಚ್ಚುಮದ್ದುಗಳು ಸುರಕ್ಷಿತವಾಗಿರಲಿಲ್ಲ. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರ್‌ಮೌನಲ್ಲಿ ಹತ್ತಾರು ಜನರಿಗೆ ಎಚ್‌ಐವಿ ಅಂಟಿದ್ದು ಒಂದೇ ಸೂಜಿಯನ್ನು ಹಲವರಿಗೆ ಬಳಸಿದ್ದರಿಂದ ಎಂದು ತನಿಖೆ ಬೆರಳು ಮಾಡಿತು. ಕುದಿಸಿದ್ದೇನೆ, ಒರೆಸಿದ್ದೇನೆ ಎಂಬ ಯಾವ ಸಮಜಾಯಿಷಿಯನ್ನೂ ಒಪ್ಪಬೇಡಿ. ಪೊಟ್ಟಣ ನಿಮ್ಮ ಕಣ್ಣೆದುರಿಗೆ ಒಡೆಯಬೇಕು.

ಮತ್ತೊಂದು ಮಾತು ತಾಯಂದಿರಿಗೆ, ಅಜ್ಜಿಯರಿಗೆ. ಎರಡು ವರ್ಷದೊಳಗಿನ ಮಗುವಿನ ಚಡ್ಡಿ ಹಿಂದಿನಿಂದ ಇಳಿಸಲು ಯಾರಾದರೂ ಹೇಳಿದರೆ ‘ತೊಡೆಗೆ ಮಾಡ್ರಿ’ ಎನ್ನಿ, ಅದಕ್ಕೂ ಮುಂಚೆ ‘ಬಾಯಿಗೆ ಹಾಕುವ ಔಷಧ ಸಾಲದಾ?’ ಎಂದು ಕೇಳಿ. ಸೂಜಿಯಾದ ಮೇಲೆ ಮಗು ಕಾಲೆಳೆದರೆ ಎಣ್ಣೆ ತಿಕ್ಕುತ್ತ ದಿನ ಕಳೆಯಬೇಡಿ. ಅದೇ ದಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ಆದೋನಿಯ ಸರ್ಕಾರಿ ಆಸ್ಪತ್ರೆಗೋ ರಾಯಚೂರಿಗೋ ಕರ್ಕೊಂಡು ಹೋಗಿ. ಪಾದ ಜೋಲದಂತೆ ಪಟ್ಟಿ ಕಟ್ಟಿ, ವ್ಯಾಯಾಮ ಮಾಡಿಸುತ್ತ ಬಂದರೆ ಬಹಳ ಮಕ್ಕಳ ನರ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ಚೇತರಿಸದಿದ್ದರೆ ಶಸ್ತ್ರಚಿಕಿತ್ಸೆಯ ದಾರಿಯೂ ಇದೆ, ಆದರೆ ಅದಕ್ಕೆ ಕಾಲಮಿತಿಯಿದೆ. ಒಂದು ವರ್ಷ ಕಳೆದು ಹೋದವರಿಗಿಂತ ಮೊದಲ ವಾರವೇ ಹೋದವರಿಗೆ ಕಾಲು ಮರಳಿ ಸಿಗುವ ಸಾಧ್ಯತೆ ಹೆಚ್ಚು.